ರಾಷ್ಟ್ರಗೌರವದ ಕೋಟು

ಆ ಊರಿಗೆ ಇದ್ದದ್ದು ಒಬ್ಬನೇ ದರ್ಜಿ. ಅವನಿಗೊಂದು ಚಾಳಿಯಿತ್ತು. ಹೊಲಿದದ್ದನ್ನು ತಾನೇ ಒಮ್ಮೆ ತೊಟ್ಟು, ಬೀದಿಗಿಳಿದು, ಬಿಸಿಲಲ್ಲಿ ಬಣ್ಣ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಹೆಂಗಸರ ಬಟ್ಟೆಯ ಮಟ್ಟಿಗೆ ಹೆಂಡತಿ ಈ ಚಾಳಿ ಬಿಡಿಸಿದ್ದಳು. ಕೋಟಿನ ಮಟ್ಟಿಗೆ ಬಿಡಿಸಿರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಜನರಿಗೆ ಉಪಕಾರ ಮಾಡಿದ ಸಾಮಾನ್ಯರಿಗಾಗಿ ಸರ್ಕಾರ ಆ ವರ್ಷ ಹೊಸದಾಗಿ ‘ರಾಷ್ಟ್ರಗೌರವ’ ಶುರುಮಾಡಿತ್ತು. ಊರಿಗೊಬ್ಬರಿಗೆ ಜರಿಯಂಚಿನ ನೀಲಿ ಕೋಟು. ಅದರ ಚಿತ್ರ ಪತ್ರಿಕೆಯಲ್ಲೂ ಬಂದಿತ್ತು. ಅಧಿಕಾರಿ ದರ್ಜಿಗೆ ಬಟ್ಟೆ, ಅಳತೆ ಎರಡನ್ನೂ ಕೊಟ್ಟು, ಯಾರಿಗೆ ಎಂದು ಮಾತ್ರ ಹೇಳದೆ, “ಘೋಷಣೆ ಆಗೋವರೆಗೂ ತುಟಿ ಪಿಟಕ್ ಅನ್ನಬಾರದು” ಎಂದು ತಾಕೀತು ಮಾಡಿ ಹೋಗಿದ್ದರು.

ಅವತ್ತು ಬೆಳಿಗ್ಗೆ ಕೊನೆಯ ಗುಂಡಿ ಹಾಕಿ, ಕೋಟು ತೊಟ್ಟು ಹೊರಬಂದ. ಮೈಗೆ ಅಂಟಿದಂತೆ ಕೂತಿತು. ನನ್ನ ಹಾಗೆ ಒಂದು ಭುಜ ಇಳಿಬಿದ್ದವನು ಊರಲ್ಲಿ ಇನ್ನೊಬ್ಬನೂ ಇದ್ದಾನಲ್ಲ ಎಂದು ಅವನು ಬೆರಗಾಗುತ್ತಿದ್ದಾಗಲೇ ಎದುರಂಗಡಿಯ ಕ್ಷೌರಿಕ ನೋಡಿಬಿಟ್ಟ. ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದು, ರಾಷ್ಟ್ರಗೌರವ ನಿನಗೇ ಬಂತಾ ಎಂದು ಕೇಳಿದ. ದರ್ಜಿ ಬಾಯಿ ಬಿಡುವಂತಿಲ್ಲ. ತಲೆ ತಗ್ಗಿಸಿ ಕೋಟಿನ ಗುಂಡಿ ಸವರಿದ. ಪಾಪ, ಎಷ್ಟು ಸಂಕೋಚ ನೋಡಿ ಎಂದ ಕ್ಷೌರಿಕ ಬೀದಿಗೆಲ್ಲ ಸುದ್ದಿ ಹಬ್ಬಿಸಿದ.

ಮಧ್ಯಾಹ್ನದೊಳಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬೇಕರಿಯವನು ಕೇಕು ತಂದ. ಶಾಲೆಯ ಬ್ಯಾಂಡಿನವರು ಬಂದು, ಗೊತ್ತಿದ್ದ ಒಂದೇ ರಾಗವನ್ನು ಮತ್ತೆ ಮತ್ತೆ ಊದಿದರು. ಕೋಟು ಬಿಚ್ಚಲು ಯಾರೂ ಬಿಡಲಿಲ್ಲ. ದರ್ಜಿ ಬೆವರಿ ತೊಪ್ಪೆಯಾದ.

ಕೊನೆಗೆ ಅವನ ಮಾವ ಬಂದರು. ನಿವೃತ್ತ ಹೆಡ್‌ಮಾಸ್ಟರು. ಮದುವೆಯಾದಾಗಿನಿಂದ ಅವನನ್ನು ‘ಏ ದರ್ಜಿ’ ಎಂದೇ ಕರೆದವರು. ಅವರ ಬಾಯಲ್ಲಿ ಒಮ್ಮೆ ‘ಅಳಿಯಂದಿರೇ’ ಅನ್ನಿಸಿಕೊಳ್ಳಬೇಕೆಂಬುದು ಅವನ ಬಹುಕಾಲದ ಆಸೆ. ಮಾವ ಅವನ ಹೆಗಲ ಮೇಲೆ ಕೈಯಿಟ್ಟರು.

“ಅಳಿಯಂದಿರೇ, ನಿಜಾನಾ? ನಿಮಗೇ ಬಂತಾ?”

ದರ್ಜಿ ಕರಗಿಹೋದ. “ಹೂಂ ಮಾವ, ನಂಗೇ.”

ಚಪ್ಪಾಳೆಯ ನಡುವೆ ಅಧಿಕಾರಿ ಬಾಗಿಲಲ್ಲಿ ನಿಂತಿದ್ದರು. ದರ್ಜಿ ಗಡಿಬಿಡಿಯಲ್ಲಿ ಕೋಟು ಬಿಚ್ಚತೊಡಗಿದ. ತಡವರಿಸುತ್ತ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡ.

“ಸುಳ್ಳಲ್ಲ ಕಣ್ರೀ,” ಎಂದರು ಅಧಿಕಾರಿ ಬೇಸರದಿಂದ. “ಕೋಟು ನಿಮ್ಮದೇ. ಬಡ ಮಕ್ಕಳ ಹರಿದ ಯೂನಿಫಾರ್ಮನ್ನೆಲ್ಲ ಪುಕ್ಕಟೆ ಹೊಲಿದುಕೊಡ್ತೀರಿ ಅಂತ ನಿಮ್ಮ ಮನೆಯವರೇ ಹೆಸರು ಕಳಿಸಿದ್ರು, ಅಳತೇನೂ ಅವರೇ ಕೊಟ್ರು. ಊರಲ್ಲಿ ಬೇರೆ ದರ್ಜಿ ಇಲ್ಲ, ನಿಮ್ಮ ಹತ್ರಾನೇ ಹೊಲಿಸಿದ್ವಿ. ಆದ್ರೆ ಘೋಷಣೆಗೆ ಮುಂಚೆ ನಂಗೇ ಬಂತು ಅಂದವರ ಹೆಸರು ತೆಗೀಬೇಕು. ನಿಯಮ. ನಾನೇ ಕಿವಿಯಾರೆ ಕೇಳಿದೆ.”

ದರ್ಜಿ ಹೆಂಡತಿಯ ಕಡೆ ನೋಡಿದ. ಅವಳು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹಾಗಾದರೆ ಕೋಟು ಯಾರಿಗೆ ಎಂದು ಕ್ಷೌರಿಕ ಕೇಳಿದ. ಮುಂದಿನ ಹೆಸರು ಹೆಡ್‌ಮಾಸ್ಟರದು, ಘೋಷಣೆ ಇವತ್ತೇ ಎಂದರು ಅಧಿಕಾರಿ. ಬ್ಯಾಂಡಿನವರು ಅದೇ ರಾಗವನ್ನು ಮತ್ತೆ ಶುರುಮಾಡಿದರು.

ಮಾವ ಎರಡೂ ಕೈ ಅಗಲಿಸಿ ಕನ್ನಡಿಯ ಮುಂದೆ ನಿಂತರು.

“ಏ ದರ್ಜಿ, ನೋಡ್ತಾ ನಿಂತ್ಯಲ್ಲ, ಟೇಪ್ ತಗೊಂಡು ಬಾ. ಹೊಟ್ಟೆ ಹತ್ರ ಸ್ವಲ್ಪ ಸಡಿಲ ಬಿಡು.”