ನಾನು ಕಂಡುಹಿಡಿದ ಗೆಡ್ಡೆಬಾಕ

ಪ್ರಪಂಚಕ್ಕೆ ಗೊತ್ತಿಲ್ಲದ ಒಂದು ಪ್ರಾಣಿಯನ್ನು ಕಂಡುಹಿಡಿದವನು ನಾನು. ನಗಬೇಡಿ, ಪೂರ್ತಿ ಓದಿ.

ನಮ್ಮ ಹೆಗ್ಗದ್ದೆ ಕಡೆಗೆ ಮೊಬೈಲು ಇನ್ನೂ ಬಂದಿರಲಿಲ್ಲ. ನನ್ನ ಹೆಂಡತಿ ಸರೋಜ ತನ್ನ ತಂಗಿಯ ಬಾಣಂತನಕ್ಕೆಂದು ಬಾಳ್ಳುಪೇಟೆಗೆ ಹೊರಟಳು. ಬಸ್ಸು ಹತ್ತುವಾಗ ಹೇಳಿದ್ದು ಒಂದೇ ಮಾತು.

"ರೀ, ನೀವು ಉಂಡ್ರೋ ಬುಟ್ರೋ, ನನ್ ಡೇರೆ ಗೆಡ್ಡೆ ಮಾತ್ರ ಜೋಪಾನ!"

ತವರಿನಿಂದ ತಂದ ಕಪ್ಪುಗೆಂಪು ಡೇರೆ, ಅಂದರೆ ಡೇಲಿಯಾ ಹೂವಿನ ಗೆಡ್ಡೆ ಅದು. ಊರಲ್ಲಿ ಬೇರೆ ಯಾರ ಅಂಗಳದಲ್ಲೂ ಆ ಬಣ್ಣವಿಲ್ಲ. ಯಾರು ಕೇಳಿದರೂ ಒಂದು ತುಂಡು ಕೊಟ್ಟವಳಲ್ಲ.

ಮನೆಗೆ ಬಂದು ಅಂಗಳ ನೋಡುತ್ತೇನೆ, ಡೇರೆ ಗಿಡಗಳೇ ಇಲ್ಲ! ಗುದ್ದಲಿ ತಂದು ಅಗೆದೆ. ಗೆಡ್ಡೆಯೂ ಇಲ್ಲ! ಸರೋಜ ಬಂದರೆ ನನ್ನ ಗತಿ?

ಬೇರೆಯವರಾಗಿದ್ದರೆ ಅಳುತ್ತಿದ್ದರು. ನಾನು ಯೋಚಿಸಿದೆ. ಗೆಡ್ಡೆ ಮಾಯವಾಗಿದೆ ಎಂದಮೇಲೆ ಇದು ಬೇರು ತಿನ್ನುವ ಪ್ರಾಣಿ. ದಂಟನ್ನೂ ಕೆಳಗಿನಿಂದಲೇ ಎಳೆದುಕೊಂಡಿದೆ. ಬಿಲ ಕಾಣುತ್ತಿಲ್ಲ, ಅಂದರೆ ಹೋದ ದಾರಿಯನ್ನು ಬಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಹೆಜ್ಜೆ ಗುರುತಿಲ್ಲ, ಅಂದರೆ ಮೇಲೆ ಬರುವುದೇ ಇಲ್ಲ. ಮೇಲೆ ಬಾರದ ಮೇಲೆ ಕಣ್ಣೇಕೆ? ಸಕಲ ಗೌರವಗಳೊಂದಿಗೆ ನಾಮಕರಣವನ್ನೂ ಮಾಡಿದೆ: ಗೆಡ್ಡೆಬಾಕ!

ಪಕ್ಕದ ಮನೆಯ ಮಲ್ಲೇಶಣ್ಣ ಬೇಲಿಯಾಚೆ ನಿಂತು ಎಲ್ಲ ಕೇಳಿದರು.

"ಅಲ್ಲ ಮಾರಾಯ, ಕಣ್ಣಿಲ್ದೆ ಗೆಡ್ಡೆ ಎಲ್ಲೈತೆ ಅಂತ ಹೆಂಗ್ ಗೊತ್ತಾಯ್ತದೆ?"

"ಮೂಗೈತಲ್ಲಣ್ಣ! ಗುದ್ದಲಿ ಅಗಲ!"

"ಮೂಗ್ನೊಳಿಕ್ಕೆ ಮಣ್ಣು ಹೋಗಲ್ವೇನೋ?"

"ಮುಚ್ಚಳ ಐತೆ!"

ಮಲ್ಲೇಶಣ್ಣ ತಲೆ ಕೆರೆದುಕೊಂಡರು. "ಹಂಗಾರೆ ಹಿಡಿ, ನೋಡಾಣ."

ಈಗ ಮಾನದ ಪ್ರಶ್ನೆ. ಹಿಡಿಯಲು ಆಮಿಷ ಬೇಕು. ಮನೆಯೆಲ್ಲ ತಡಕಿದೆ. ಅಟ್ಟದ ಮೇಲೆ ಒಂದು ಬುಟ್ಟಿ, ಅದರ ತುಂಬ ಬೂದಿ, ಬೂದಿಯೊಳಗೆ ದಪ್ಪದಪ್ಪ ಗೆಡ್ಡೆ! ಯಾವುದೋ ಹಳೆಯ ಗೆಣಸಿರಬೇಕು. ದೇವರೇ ಇಟ್ಟ ಹಾಗಿತ್ತು. ಕೊಚ್ಚಿ, ಬೆಲ್ಲ ಸವರಿ, ಅಂಗಳದಲ್ಲಿ ಹರಡಿದೆ.

ಬೆಳಿಗ್ಗೆ ನೋಡಿದರೆ ಒಂದು ಚೂರೂ ಇಲ್ಲ! ಮತ್ತಷ್ಟು ಹಾಕಿದೆ. ಅದೂ ಮಾಯ! ಬುಟ್ಟಿ ಖಾಲಿಯಾಗುವವರೆಗೂ ಹಾಕಿದೆ.

"ನನ್ ಹಸ ಯಾಕೋ ನಿಮ್ಮಂಗ್ಳ ಬುಟ್ಟು ಕದಲಂಗೇ ಇಲ್ಲ ಕಣೋ" ಎಂದರು ಮಲ್ಲೇಶಣ್ಣ.

"ಹಸುವಿನ ವಿಷಯ ಬಿಡಣ್ಣ, ಗೆಡ್ಡೆಬಾಕ ಐತೆ ಅನ್ನೋದಕ್ಕೆ ಇನ್ನೇನ್ ಸಾಕ್ಷಿ ಬೇಕು?"

ಸರೋಜ ಬಂದಳು. ಅವಳು ಬ್ಯಾಗು ಇಳಿಸುವ ಮೊದಲೇ ಬಾಲ, ಮೂಗು, ಮುಚ್ಚಳ ಎಲ್ಲವನ್ನೂ ವಿವರಿಸಿದೆ. ಆಮಿಷದ ವಿಷಯ ಬಂದಾಗ ಅವಳ ಮುಖ ಬದಲಾಯಿತು.

"ಯಾವ ಗೆಡ್ಡೆ ಹಾಕುದ್ರಿ?"

"ಅಟ್ಟದ ಬುಟ್ಟೀದು."

ಸರೋಜ ಬ್ಯಾಗನ್ನು ಅಲ್ಲೇ ಕುಕ್ಕಿದಳು. "ಹೂ ಮುಗುದ್ಮೇಲೆ ಗೆಡ್ಡೆ ಕಿತ್ತು ಬೂದೀಲಿ ಇಡ್ತಾರೆ, ಮಳೆ ಬಿದ್ಮೇಲೆ ನೆಡ್ತಾರೆ. ಊರ್ನಲ್ಲಿ ಇದು ಗೊತ್ತಿಲ್ದೆ ಇರೋರು ನೀವೊಬ್ರೇ ಕಣ್ರೀ!"

ಆ ಮಳೆಗಾಲ ಎಲ್ಲರ ಅಂಗಳದಲ್ಲೂ ಡೇರೆ ಅರಳಿತು, ನಮ್ಮದೊಂದನ್ನು ಬಿಟ್ಟು. ಬಂದ ಹೆಂಗಸರೆಲ್ಲ ಕೇಳುವವರೇ: "ಎಲ್ಲಿ ಸರೋಜಕ್ಕ, ನಿನ್ ಕಪ್ಪುಗೆಂಪು?"

"ಗೆಡ್ಡೆಬಾಕ ತಿಂದ್ಬುಡ್ತು. ಅಗೋ, ಜಗಲೀಲಿ ಕಾಫಿ ಕುಡೀತಾ ಕೂತೈತೆ ನೋಡಿ. ಪಾಪ, ಕಣ್ಣಿಲ್ಲ!"

ಆ ಪ್ರಾಣಿ ಯಾಕೆ ನೆಲದಡಿಯಿಂದ ಮೇಲೆ ಬರುವುದಿಲ್ಲ ಎಂಬುದು ಅವತ್ತೇ ನನಗೆ ಅರ್ಥವಾಗಿದ್ದು!