ಹನ್ನೊಂದು ಮಂದಿ ತೋಡಿದ ಬಾವಿ

ಕವಿತೆ ಬರೆಯುವವನ ಫಜೀತಿ ಬರೆದು ಮುಗಿಸಿದ ಮೇಲೆಯೇ ಶುರುವಾಗುತ್ತದೆ. ಅದನ್ನು ಮಕ್ಕಳಿಗೆ ಓದಿ ಹೇಳಿ, ಕೈಗೆ ಬಣ್ಣದ ಡಬ್ಬಿ ಕೊಟ್ಟರಂತೂ ವಾರಕ್ಕೊಂದು ಪ್ರಸಂಗ ಗ್ಯಾರಂಟಿ.

ನಾನು ಬೀದರ್ ಕಡೆಯವನು. ಹೊಟ್ಟೆಪಾಡಿಗೆ ನಾಶಿಕದ ಹತ್ತಿರ ಸಿನ್ನರ್‌ನ ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ನಾಶಿಕದ ನಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಹನ್ನೊಂದು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಎಲ್ಲ ಕನ್ನಡದವರ ಮಕ್ಕಳೇ. ನಾನು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಮರಾಠಿಯಲ್ಲಿ ಬರುತ್ತದೆ. ಬಾಯಿಯ ಬದಲು ಕೈಯಿಂದ ಉತ್ತರ ಕೊಡಲಿ ಎಂದು ಒಂದು ಭಾನುವಾರ ಕವಿತೆ ಓದಿ ಚಿತ್ರ ಬರೆಯಲು ಹೇಳಿದೆ.

ಬಾವಿಯೊಳಗೊಂದು ಆಕಾಶವಿತ್ತು,
ಕೊಡ ಮುಳುಗಿದರೆ ಒಡೆಯುತ್ತಿತ್ತು.
ಅವ್ವ ಎಷ್ಟು ಸೇದಿದರೂ
ಮುಗಿಯುತ್ತಿರಲಿಲ್ಲ.

ನಾಲ್ಕೂ ಸಾಲು ನನ್ನವೇ. ಆದರೆ ಹೇಳಲಿಲ್ಲ. ಪತ್ರಿಕೆಗಳಿಂದ ವಾಪಸ್ ಬಂದು ಬಂದು ಧೈರ್ಯ ಉಡುಗಿತ್ತು. ಅವ್ವನ ಮೇಲೆ ಬರೆದದ್ದು ಅವ್ವನಿಗೇ ಗೊತ್ತಿರಲಿಲ್ಲ. "ಯಾರೋ ಕವಿಗಳು ಬರೆದದ್ದು" ಎಂದೆ. ಮಕ್ಕಳಿಗೆ ತಲುಪಿದರೆ ಆ ಕವಿ ನಾನೇ ಎಂದು ಒಪ್ಪಿಕೊಳ್ಳುವುದು, ತಲುಪದಿದ್ದರೆ ಕವಿ ತೀರಿಕೊಂಡರು ಎಂದುಬಿಡುವುದು. ಇದು ನನ್ನ ಗುಟ್ಟಿನ ಯೋಜನೆ.

ಮೋಟರ್ ಎಲ್ಲಿ?

ಓದಿ ಮುಗಿಸುವಷ್ಟರಲ್ಲಿ ಐದನೇ ತರಗತಿಯವನೊಬ್ಬ ಕೈ ಎತ್ತಿದ. "ಅಂಕಲ್, ಮೋಟರ್ ಕುಠೇ ಆಹೇ?"

"ಮೋಟರ್ ಇಲ್ಲಪ್ಪ. ಹಗ್ಗ ಹಾಕಿ ಅವ್ವನೇ ನೀರು ಸೇದಬೇಕು."

"ಕರೆಂಟ್ ಹೋಗಿತ್ತಾ?"

"ಕರೆಂಟೇ ಇರಲಿಲ್ಲ."

ಇಡೀ ತರಗತಿ ನನ್ನನ್ನು ಕನಿಕರದಿಂದ ನೋಡಿತು. ಆ ಮಕ್ಕಳಲ್ಲಿ ಯಾರೂ ಬಾವಿಗೆ ಇಣುಕಿದವರಲ್ಲ. ನೀರು ಅವರ ಮನೆಗೆ ಮೇಲಿನಿಂದ ಬರುತ್ತದೆಯೇ ಹೊರತು ಕೆಳಗಿನಿಂದಲ್ಲ. ಹಾಗಾಗಿ ಅವನು ನಮ್ಮ ಸೊಸೈಟಿಯ ತಾರಸಿಯನ್ನೇ ಬರೆದ. ಅದರ ಮೇಲೆ ನೀರಿನ ಕರಿ ಟಾಕಿ, ಟಾಕಿಯೊಳಗೆ ಬಗ್ಗಿದ ಅವ್ವ.

"ಬಾವಿ ಎಲ್ಲೋ?" ಎಂದರೆ, "ನೀರಿನಾಗ ಆಕಾಶ ಅದ ಅಂದ್ರ ಅದು ಮ್ಯಾಲೇ ಇರಬೇಕಲ್ಲ ಅಂಕಲ್" ಎಂದ.

ಚಿತ್ರದ ಕೆಳಗೆ ಸೂಚನೆಯನ್ನೂ ಬರೆದಿದ್ದ: "ಟಾಕಿ ತುಂಬಿ ಆಕಾಶ ಸೋರಿದರೆ ಸೆಕ್ರೆಟರಿಗೆ ಫೋನ್ ಮಾಡಿ."

ಅಳತೆ ಕೊಟ್ಟಿಲ್ಲ

ಉಳಿದವರು ಚಿತ್ರವನ್ನು ಮುಗಿಸಿ ತರಲು ಮನೆಗೆ ಒಯ್ದರು. ಅದೇ ನಾನು ಮಾಡಿದ ತಪ್ಪು. ಓಝರ್ ಕಡೆ ಕೆಲಸ ಮಾಡುವ ಕಲಬುರಗಿಯ ಇಂಜಿನಿಯರ್ ಒಬ್ಬರ ಮಗ ನನ್ನ ತರಗತಿಯಲ್ಲಿದ್ದಾನೆ. ಬುಧವಾರ ಆ ತಂದೆಯ ಫೋನ್ ಬಂತು.

"ಸರ್, ಕವಿತಾ ಭಾಳ ಛಲೋ ಅದರಿ. ಆದ್ರ ಅದರಾಗ ಅಳತೀನೇ ಕೊಟ್ಟಿಲ್ಲಲ್ರಿ?"

"ಕವಿತೆಗೆ ಯಾತರ ಅಳತೀರಿ?"

"ಕೊಡದ ಬಾಯಿ ಎಷ್ಟು, ಬಾವಿ ಅಗಲ ಎಷ್ಟು, ಏನೂ ಇಲ್ಲ. ನೀರಿನ ಮಟ್ಟ ಬ್ಯಾಸಗೀದು ಹಿಡೀಲೋ ಮಳಿಗಾಲದ್ದೋ?"

ನಗಬೇಕೆಂದುಕೊಂಡೆ. ಆದರೆ ಮಳೆಗಾಲದಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಬರುತ್ತಿತ್ತು ಎಂದು ಯೋಚಿಸುತ್ತ ಕೂತುಬಿಟ್ಟೆ. ಕವಿತೆ ಬರೆಯುವಾಗ ಆ ಮೆಟ್ಟಿಲು ನೆನಪಾಗಿರಲಿಲ್ಲ.

ಭಾನುವಾರ ಬಂದದ್ದು ಪಕ್ಕಾ ಕಾರ್ಖಾನೆಯ ನಕ್ಷೆ. ಬಾವಿ ಮೇಲಿನಿಂದ, ಎದುರಿನಿಂದ, ಅರ್ಧಕ್ಕೆ ಕತ್ತರಿಸಿದಂತೆ ಹೀಗೆ ಮೂರು ನೋಟ. ಮಗ ಕೊಡಕ್ಕೆ ಬಣ್ಣ ತುಂಬಿದ್ದನಂತೆ, ಅಷ್ಟಕ್ಕೆ ಮಾತ್ರ ಅವನಿಗೆ ಅನುಮತಿ. ಆಕಾಶವನ್ನು ಚುಕ್ಕೆ ಗೆರೆಯಲ್ಲಿ ತೋರಿಸಿ ಪಕ್ಕದಲ್ಲಿ ತಂದೆಯ ಕೈಬರಹ: "ಒಡೆಯುವ ಭಾಗ. ಎರಡು ಹೆಚ್ಚುವರಿ ಇಟ್ಟುಕೊಳ್ಳುವುದು."

ಬರೀ ನೀಲಿ

ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಹುಡುಗಿಯೊಬ್ಬಳು ಇಡೀ ಹಾಳೆಗೆ ನೀಲಿ ಬಳಿದು ತಂದಳು. ಬಾವಿಯಿಲ್ಲ, ಅವ್ವನಿಲ್ಲ, ಕೊಡವೂ ಇಲ್ಲ.

"ಬಾವಿ ಎಲ್ಲಮ್ಮಾ?"

"ಮೀ ಆತ್ ಆಹೇ" ಎಂದಳು. ಅಂದರೆ ಅವಳು ಬಾವಿಯ ಒಳಗಿದ್ದಾಳೆ, ಅಲ್ಲಿಂದ ಕಾಣುವುದು ಇಷ್ಟೇ.

ಕವಿತೆ ತಲುಪಿತು! ಕವಿ ಬದುಕಿದ! ಈಗಲೇ ನನ್ನ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ತಾಯಿ ಬಾಗಿಲಲ್ಲಿ ನಿಂತಿದ್ದರು.

"ಸರ್, ಎರಡ ದಿನದಿಂದ ಕೇಳಿದ್ರ ಬಾವ್ಯಾಗ ಅದೀನಿ ಅಂತಾಳ. ನಮಗ ಹೆದರಿಕಿ ಹತ್ಯಾದ. ಯಾರ್ರೀ ಆ ಕವಿ? ಮಕ್ಕಳ ತಲ್ಯಾಗ ಇಂಥಾದ್ದು ತುಂಬಾಂವ?"

"ತೀರಿಕೊಂಡ್ರಂತ್ರಿ" ಎಂದೆ.

ಅವ್ವ ನೋಡಿದ ಬಾವಿ

ಸಂಭಾಜಿನಗರದಲ್ಲಿ ಕನ್ನಡದ ಕುಟುಂಬಗಳು ವರ್ಷಕ್ಕೊಮ್ಮೆ ಮದುವೆಯ ಮಂಗಲ ಕಾರ್ಯಾಲಯವೊಂದರಲ್ಲಿ ಸೇರುತ್ತವೆ. ಈ ಸಲ ಮಕ್ಕಳ ಚಿತ್ರಗಳನ್ನೂ ತನ್ನಿರೆಂದು ಕರೆದರು. ಮಕ್ಕಳನ್ನೂ ಅವರ ಹೆತ್ತವರನ್ನೂ ಹನ್ನೊಂದು ಚಿತ್ರಗಳನ್ನೂ ಬಸ್ಸಿನಲ್ಲಿ ಒಯ್ದು ಗೋಡೆಗೆ ಅಂಟಿಸಿ, ನಡುವೆ ಕವಿತೆ ಬರೆದು ಹಾಕಿದೆ. ಕವಿಯ ಹೆಸರಿನ ಜಾಗ ಖಾಲಿ. ಅಲ್ಲೇ ಅಡ್ಡಾಡುತ್ತ ಜನ ಏನನ್ನುತ್ತಾರೆಂದು ಕಿವಿ ನಿಮಿರಿಸಿಕೊಂಡಿದ್ದೆ.

ನನ್ನ ತಮ್ಮನ ಅಂಗಡಿ ಆ ಊರಿನಲ್ಲೇ ಇದೆ, ಅವ್ವ ಇರುವುದು ಅವನ ಮನೆಯಲ್ಲಿ. ತಮ್ಮ ಅವಳನ್ನು ಕರೆತಂದು ಚಿತ್ರಗಳ ಎದುರೇ ಕೂರಿಸಿದ. ಅವ್ವನಿಗೆ ಓದಲು ಬರುವುದಿಲ್ಲ ಎಂಬುದೊಂದೇ ಧೈರ್ಯ. ಅದೂ ಉಳಿಯಲಿಲ್ಲ. ಆ ನೀಲಿ ಹಾಳೆಯ ಹುಡುಗಿ ಪಕ್ಕಕ್ಕೆ ಬಂದು ನಿಂತು, ಒಂದೊಂದೇ ಅಕ್ಷರ ಕೂಡಿಸಿ ಕವಿತೆಯನ್ನು ಅವ್ವನಿಗೆ ಓದಿಬಿಟ್ಟಳು.

ಅವ್ವ ಪೂರ್ತಿ ಕೇಳಿದಳು. "ಯಾಂವ ಬರದಾನ ಇದನ್ನ?"

ಹುಡುಗಿ, "ತೇ ವಾರಲೇ" ಎಂದಳು. ತೀರಿಕೊಂಡರಂತೆ.

"ಪಾಪ. ಆದ್ರ ಒಂದ ದಿನಾನೂ ನೀರ ಸೇದಿದಾಂವ ಅಲ್ಲ ಬಿಡು. ಸೇದೋರಿಗೆ ಆಕಾಶ ಎಲ್ಲಿ ಕಾಣತದ? ಹಗ್ಗ ಕಾಣತದ, ಅಷ್ಟ. ಆಕಾಶ ಕಾಣಬೇಕಂದ್ರ ಕಟ್ಟಿ ಮ್ಯಾಲ ಸುಮ್ಮ ಕುಂತಿರಬೇಕು." ಎಂದವಳು ನನ್ನ ಕಡೆ ತಿರುಗಿದಳು. "ಏ, ನೀನೇ ಅಲ್ಲೇನೋ? ಕೊಡ ಹಿಡಿಯೋ ಅಂದ್ರ ಬಾವ್ಯಾಗ ಇಣಿಕಿ ನೋಡಕೋತ ಕುಂದ್ರತಿದ್ದಿ?"

ಹಾಲ್ ಗೊಳ್ಳೆಂದಿತು. ಇಂಜಿನಿಯರ್ ಬಂದು ಕೈ ಕುಲುಕಿದರು. ಹುಡುಗಿಯ ತಾಯಿ ಸತ್ತವನನ್ನು ಕಂಡಂತೆ ನನ್ನನ್ನು ನೋಡಿದರು. ನನಗೆ ನಾಚಿಕೆಯಾಯಿತು. ಆದರೂ ನಿಜ ಹೇಳುತ್ತೇನೆ, ಯಾವ ಪತ್ರಿಕೆ ಅಚ್ಚು ಹಾಕಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ನಾಲ್ಕು ಸಾಲು ಕೇಳಿ ಅವ್ವ ನನ್ನ ಗುರುತು ಹಿಡಿದಿದ್ದಳು.

"ಅಜ್ಜಿ, ಹಂಗಾದ್ರೆ ನೀವು ಬರೀರಿ" ಎಂದಳು ಹುಡುಗಿ. ನಾನು ಕೇಳಿದ ಅವಳ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಎದುರಿನ ಟೇಬಲ್ಲಿನ ಮೇಲೆ ಹಾಳೆ ಹಾಸಿ, ಸ್ಕೆಚ್ ಪೆನ್ನನ್ನೂ ಅವಳೇ ಕೈಗಿಟ್ಟಳು. ಅವ್ವ ಮುಷ್ಟಿಯಲ್ಲಿ ಪೆನ್ ಹಿಡಿದು ಹಾಳೆಯ ತುದಿಯಿಂದ ನೇರ ಕೆಳಗೆ ಒಂದೇ ಗೆರೆ ಎಳೆದಳು. ಹಾಳೆ ಮುಗಿಯಿತು. ಹುಡುಗಿ ಇನ್ನೊಂದು ಹಾಳೆ ಜೋಡಿಸಿದಳು. ಅದೂ ಮುಗಿಯಿತು. ಮೂರನೆಯದು, ನಾಲ್ಕನೆಯದು. ಜನ ಊಟದ ಪಂಕ್ತಿ ಬಿಟ್ಟು ಸುತ್ತ ನೆರೆದರು. ಗೆರೆ ಟೇಬಲ್ಲಿನ ತುದಿ ಮುಟ್ಟಿತು.

"ಅವ್ವಾ, ಸಾಕಲ್ಲ?" ಎಂದೆ.

ಅವ್ವ ತಲೆ ಎತ್ತಲಿಲ್ಲ. "ಎಲ್ಲಿ ಸಾಕೋ? ಹಗ್ಗ ಇನ್ನಾ ನೀರೇ ಮುಟ್ಟಿಲ್ಲ. ಹಾಳಿ ತಾ."