ಗಗನಣ್ಣನ ಕೊನೆಯ ಕಾಳಗ

ಅವತ್ತು ಬೆಳಿಗ್ಗೆ ಗಗನಣ್ಣ ಹಲ್ಲುಜ್ಜುತ್ತಾ ಬಾಲ್ಕನಿಗೆ ಬಂದದ್ದೇ ತಪ್ಪಾಯಿತು.

ಬಸ್ಸುಗಳೇ ಹಾರಾಡುವ ಕಾಲದಲ್ಲೂ ಬಸ್ಸಿಲ್ಲದೆ ಹಾರಬಲ್ಲವನು ನಗರದಲ್ಲಿ ಅವನೊಬ್ಬನೇ. ರಕ್ಷಕ ಪಡೆಯ ಐವರು ವೀರರಲ್ಲಿ ಎಲ್ಲರಿಗಿಂತ ಹಿರಿಯ. ಮಂಡಿ ನೋವು, ಸೊಂಟ ನೋವು, ಮೋಡದ ಮೇಲೆ ಹೋದರೆ ನೆಗಡಿ. ನಿವೃತ್ತಿ ಕೊಡಿ ಎಂದು ಗೋಗರೆದು ಗೋಗರೆದು ಸಾಕಾಗಿತ್ತು. ಪಡೆಯ ನಿಯಮ ಮಾತ್ರ ಅಲುಗಾಡಲಿಲ್ಲ: ಪ್ರತಿ ವೀರನಿಗೂ ಗೊತ್ತುಮಾಡಿದ ಒಬ್ಬ ವೈರಿ. ಇಬ್ಬರಲ್ಲಿ ಗೆದ್ದವನಿಗೆ ವಿಶ್ರಾಂತಿ, ಸೋತವನಿಗೆ ಹೊಸ ವೈರಿ. ಮಧ್ಯಾಹ್ನದ ಸೈರನ್ ಕೂಗುವುದರೊಳಗೆ ಮೈದಾನಕ್ಕೆ ಬಾರದವನು ಸೋತಂತೆ.

ಗಗನಣ್ಣನ ವೈರಿ ಶೀತಲಾಸುರ. ಊರನ್ನೇ ಹೆಪ್ಪುಗಟ್ಟಿಸುವ ಯಂತ್ರದ ಒಡೆಯ, ವಾಸ ಗಗನಣ್ಣನ ಮನೆಯ ಹಿಂದಿನ ಬೀದಿಯಲ್ಲೇ. ಕೂದಲು ಹಣ್ಣಾಗುವವರೆಗೆ ಹೊಡೆದಾಡಿದರೂ ಇಬ್ಬರಲ್ಲಿ ಒಬ್ಬರೂ ಗೆದ್ದಿರಲಿಲ್ಲ. ಹಿಂದಿನ ಸಂಜೆ ಅವನೇ ಫೋನ್ ಮಾಡಿದ್ದ.

"ಯಂತ್ರ ಕೆಟ್ಟು ಕೂತಿದೆ ಕಣಯ್ಯಾ. ನಾಳೆ ಮೆಲ್ಲಗೆ ಒಂದೇಟು ಹಾಕು, ಬಿದ್ದುಬಿಡ್ತೀನಿ. ಜೋರಾಗಿ ಬೇಡ, ಹಲ್ಲುಸೆಟ್ಟು ಹೊಸದು."

ಗಗನಣ್ಣನಿಗೆ ಕಣ್ಣೀರು ಬರುವಷ್ಟು ಸಂತೋಷ. ಇನ್ನು ಮಧ್ಯಾಹ್ನದ ನಿದ್ದೆಯನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ.

"ಗಗನಣ್ಣಾ, ಇವತ್ತು ಬಿಡುವಾಗಿದ್ದೀರಂತೆ!" ಕೆಳಮನೆಯ ಟೀಚರಮ್ಮ ಕೂಗಿದರು. "ನಮ್ಮ ಬೆಡ್‌ಶೀಟು ಹಾರಿಹೋಗಿ ಟವರ್ ತುದಿಗೆ ಸಿಕ್ಕೊಂಡಿದೆ."

"ಬಿಡುವೆಲ್ಲಿ ಬಂತಮ್ಮಾ, ಕಾಳಗ ಇದೆ."

"ಆ ಅಜ್ಜನ ಜೊತೆ ತಾನೇ? ಅವರೆಲ್ಲಿ ಓಡಿಹೋಗ್ತಾರೆ!"

ಇಲ್ಲ ಎನ್ನಲು ಗಗನಣ್ಣನಿಗೆ ಜನ್ಮದಲ್ಲೇ ಬಂದಿರಲಿಲ್ಲ. ಬೆಡ್‌ಶೀಟು ಬಿಡಿಸುತ್ತಿದ್ದಾಗ ಎದುರು ಮಹಡಿಯ ದರ್ಜಿ ಕಿಟಕಿಯಿಂದ ತಲೆ ಹೊರಹಾಕಿದ. "ಹೇಗೂ ಮೇಲಿದ್ದೀರಿ, ನಮ್ಮ ಸೋಲಾರ್ ಹಲಗೆ ಒರೆಸಿಬಿಡಿ. ಪಾರಿವಾಳದ ಕಾಟ." ಅದನ್ನು ಒರೆಸುವಷ್ಟರಲ್ಲಿ ವಠಾರದ ಅಧ್ಯಕ್ಷರು ಪ್ಲಂಬರನ ಸಮೇತ ಹಾಜರಾದರು. ನೀರಿನ ಟ್ಯಾಂಕು ಸೋರುತ್ತಿತ್ತು, ಅದನ್ನು ಎತ್ತಿ ಹಿಡಿಯಬೇಕಿತ್ತು.

ಗಗನಣ್ಣ ತುಂಬಿದ ಟ್ಯಾಂಕನ್ನು ತಲೆಯ ಮೇಲೆ ಹೊತ್ತು ಗಾಳಿಯಲ್ಲಿ ನಿಂತ. ಪ್ಲಂಬರ್ ತಳ ನೋಡಿ, "ವಾಷರ್ ಹೋಗಿದೆ, ಈಗ ತಂದುಬಿಡ್ತೀನಿ," ಎಂದು ಹೊರಟವನು ಹೋದದ್ದೇ ಹೋದದ್ದು. ಬಿಡೋಣವೆಂದರೆ ಕೆಳಗೆ ಬಾಯಿ ತೆರೆದು ನೋಡುತ್ತಿರುವ ವಠಾರದ ಜನ. ನೀರು ಕತ್ತಿನಿಂದ ಕಾಲುಚೀಲದವರೆಗೆ ಹರಿಯಿತು. ಸೈರನ್ ಕೂಗಿತು. ಗಗನಣ್ಣನಿಗೆ ಗಟ್ಟಿಯಾಗಿ ಅಳಬೇಕೆನಿಸಿತು.

ಕೊನೆಗೂ ಪ್ಲಂಬರ್ ಬಂದ ಮೇಲೆ ಟ್ಯಾಂಕು ಇಳಿಸಿ, ತೊಯ್ದು ತೊಪ್ಪೆಯಾಗಿ ಮೈದಾನಕ್ಕೆ ಇಳಿದಾಗ ಶೀತಲಾಸುರ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ. ಪಡೆಯ ನಾಯಕಿ ಮಿಂಚಕ್ಕ ಅವನ ಕೈಕುಲುಕುತ್ತಿದ್ದಳು.

"ಇವರು ಗೆದ್ದರು ಗಗನಣ್ಣ," ಎಂದಳು ಮಿಂಚಕ್ಕ. "ನಾಳೆಯಿಂದ ನಿಮಗೆ ಹೊಸ ವೈರಿ. ಹುಡುಗ ಬಹಳ ಚುರುಕು, ನಿದ್ದೆಯೇ ಮಾಡಲ್ಲವಂತೆ."

ಗಗನಣ್ಣ ವೈರಿಯತ್ತ ತಿರುಗಿದ. "ನಾನು ಬಿಡುವಾಗಿದ್ದೀನಿ ಅಂತ ವಠಾರಕ್ಕೆಲ್ಲ ಹೇಳಿದ್ದು ನೀನೇ ತಾನೇ?"

"ಬೆಳಿಗ್ಗೆ ವಾಕಿಂಗ್‌ನಲ್ಲಿ ಸಿಕ್ಕಿದ್ರು, ಮಾತಿಗೆ ಹೇಳಿದೆ," ಎಂದ ಶೀತಲಾಸುರ. "ಯಂತ್ರ ಕೆಟ್ಟಿದ್ದು ನಿಜವಾಗ್ಲೂ ನಿಜ. ಆದ್ರೆ ಇಷ್ಟು ವರ್ಷ ಅದರ ಕೈಲಿ ಆಗದ್ದನ್ನ ನಿನ್ನ ವಠಾರದವರು ಅರ್ಧ ದಿನದಲ್ಲಿ ಮಾಡಿ ಮುಗಿಸಿದ್ರು ನೋಡು!"

ಗಗನಣ್ಣನಿಗೆ ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ಒದ್ದೆ ಮೇಲಂಗಿ ಹಿಂಡಿಕೊಂಡು ಹೊರಟ.

"ಗಗನಣ್ಣಾ," ಹಿಂದಿನಿಂದ ಅಸುರ ಕರೆದ. "ಹೇಗೂ ಆ ಕಡೆಗೇ ಹೋಗ್ತೀಯಲ್ಲ, ನನ್ನನ್ನೂ ಮನೆ ಹತ್ರ ಇಳಿಸಿಬಿಡು. ರಿಟೈರಾದವನು ನೋಡು, ನಡೆಯೋಕಾಗಲ್ಲ."

ಗಗನಣ್ಣ ಬೆನ್ನು ಬಗ್ಗಿಸಿದ. ಮೈದಾನ ದಾಟುವ ಮೊದಲೇ ಶೀತಲಾಸುರ ಅವನ ಭುಜಕ್ಕೆ ತಲೆ ಆನಿಸಿ ಸೊಗಸಾಗಿ ಗೊರಕೆ ಹೊಡೆಯತೊಡಗಿದ್ದ.